ಹಂಚಿ ತಿಂದ ಗುಳಿಗೆ

ಕೋವಿಡ್ ಅಬ್ಬರ ತಗ್ಗಿದ ವರ್ಷ. ನಾನು ಆಗ ಗೋವಾದ ಸಾಂಕೋಲೆಯ ಒಂದು ಸಣ್ಣ ದಂತ ಚಿಕಿತ್ಸಾಲಯದಲ್ಲಿ ಬಾಯಿರೋಗಗಳ ವೈದ್ಯೆ. ಧಾರವಾಡದವಳೆಂದು ಗೊತ್ತಾದ ಮೇಲೆ ನಮ್ಮ ಕಡೆಯ ಕೂಲಿ ಜನ ಹೊಟ್ಟೆನೋವಿಗೂ ನನ್ನ ಬಳಿಯೇ ಬರುತ್ತಿದ್ದರು.

ಹಾಗೆ ಬಂದವಳು ಯಲ್ಲವ್ವ. ಇಂಡಿ ಕಡೆಯವಳು, ಕಟ್ಟಡಗಳಲ್ಲಿ ಬುಟ್ಟಿ ಹೊರುವ ಕೆಲಸ. ಖಾರ ತಿಂದರೆ ಬಾಯಿ ಉರಿಯುತ್ತದೆ ಎಂದಳು. ತುಟಿಯ ಮೂಲೆಯಿಂದ ಒಳಗೆ ಕೆನ್ನೆಯವರೆಗೆ ಬಿಳಿ ಮಚ್ಚೆ, ನಡುನಡುವೆ ಕೆಂಪು ಚುಕ್ಕೆ. ಒರೆಸಿದರೆ ಹೋಗದ ಇಂಥ ಮಚ್ಚೆಯನ್ನು ಲ್ಯೂಕೋಪ್ಲೇಕಿಯಾ ಎನ್ನುತ್ತೇವೆ; ಕೆಲವು ಮುಂದೆ ಕ್ಯಾನ್ಸರ್ ಆಗಬಲ್ಲವು. ಕೆಂಪು ಬೆರೆತಿದ್ದರೆ ನನಗೆ ಇನ್ನಷ್ಟು ಭಯ.

ಬಯಾಪ್ಸಿ ಮಾಡಿಸಿದೆ. ಕ್ಯಾನ್ಸರ್ ಇರಲಿಲ್ಲ. ಆದರೆ ಜೀವಕೋಶಗಳು ದಾರಿ ತಪ್ಪತೊಡಗಿದ್ದವು, ಜೊತೆಗೆ ಕ್ಯಾಂಡಿಡಾ ಎಂಬ ಶಿಲೀಂಧ್ರ ಕೆನ್ನೆಯ ಒಳಪದರಕ್ಕೆ ಇಳಿದಿತ್ತು. ಈ ಶಿಲೀಂಧ್ರವೇ ಮಚ್ಚೆಯನ್ನು ಕೆಡಿಸುತ್ತದೋ, ಕೆಟ್ಟ ಮಚ್ಚೆಯಲ್ಲಿ ಬಂದು ಮನೆ ಮಾಡುತ್ತದೋ ಎಂಬುದು ನಮ್ಮಲ್ಲಿ ಇನ್ನೂ ತೀರದ ಚರ್ಚೆ. ಅದನ್ನು ಓಡಿಸಿದರೆ ಎಷ್ಟೋ ಸಲ ಮಚ್ಚೆ ತಗ್ಗುತ್ತದೆ ಎಂಬುದಂತೂ ನಿಜ. ಆಕೆ ಜಗಿಯುತ್ತಿದ್ದ ತಂಬಾಕನ್ನು ಬಿಡಬೇಕೆಂದು ಹೇಳಿ, ಬಾಯಲ್ಲಿಟ್ಟು ಕರಗಿಸುವ ಗುಳಿಗೆಗಳನ್ನು ಎರಡು ವಾರಕ್ಕೆ ಕೊಟ್ಟೆ.

ಎರಡು ವಾರ ಬಿಟ್ಟು ನೋಡಿದರೆ ಮಚ್ಚೆ ಇದ್ದ ಹಾಗೇ ಇತ್ತು. ಬಯಾಪ್ಸಿಗೆ ತೆಗೆದ ಚೂರಿನಲ್ಲಿ ಕೆಟ್ಟ ಭಾಗವೇ ತಪ್ಪಿಹೋಗಿತ್ತೆ? ಶಸ್ತ್ರಚಿಕಿತ್ಸೆಗೆ ದೊಡ್ಡಾಸ್ಪತ್ರೆಗೆ ಕಳಿಸುವುದೇ ಸರಿ ಎಂದುಕೊಳ್ಳುತ್ತಲೇ ಕೇಳಿದೆ.

“ಗುಳಿಗಿ ಎಲ್ಲಾ ತಗೊಂಡೀರಿಲ್ಲೋ?”

“ನಾಕ ದಿನದಾಗ ಮುಗದ್ವು ನೋಡ್ರಿ ಡಾಕ್ಟರ್ ಬಾಯಾರ. ಜೋಡಿ ಕೆಲಸ ಮಾಡೋ ಹೆಣ್ಮಕ್ಕಳು ಕೇಳಿದ್ರು, ಕೊಟ್ಟೆನ್ರಿ. ಆಮ್ಯಾಲ ಮತ್ತ ತಂಬಾಕ ಹಾಕ್ಕೊಂಡೆ.”

“ಔಷಧ ಯಾರರ ಹಂಚ್ತಾರೇನು, ಯಲ್ಲವ್ವಾ!”

“ಎಲ್ಲಾರೂ ಒಂದ ಚಂಚಿಯೊಳಗಿನ ತಂಬಾಕ ತಿಂದೇವ್ರಿ. ಬಾಯಾಗ ಇಟ್ಕೊಳ್ಳೋದು ಕೇಳಿದ್ರ ಇಲ್ಲ ಅಂತ ಹೆಂಗ ಅನ್ನಲಿ? ಅವರಿಗೂ ಬಾಯಿ ಉರೀತೈತ್ರಿ.”

ಬೈಯಲು ಬಾಯಿ ತೆರೆದವಳು ಆ ಕೊನೆಯ ಮಾತು ಕೇಳಿ, ಮುಂದಿನ ಭಾನುವಾರ ಅವರನ್ನೆಲ್ಲ ಕರೆದುಕೊಂಡು ಬರಲು ಹೇಳಿದೆ.

ಇಡೀ ಗುಂಪೇ ಬಂತು. ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು ರೇಣುಕಾ. ಗೆಳತಿಯರ ಜೊತೆಗೆಂದು ಬಂದಿದ್ದಳು, ಉರಿಯೂ ಇರಲಿಲ್ಲ, ನೋವೂ ಇರಲಿಲ್ಲ. ಅವಳ ಕೆನ್ನೆಯೊಳಗೂ ಅಂಥದ್ದೇ ಮಚ್ಚೆ, ಇನ್ನೂ ಎಳೆಯದು. ಈ ಸಲ ಅಗತ್ಯವಿದ್ದವರಿಗೆಲ್ಲ ಅವರವರದೇ ಗುಳಿಗೆ ಕೊಟ್ಟೆ. ತಂಬಾಕನ್ನು ಒಟ್ಟಿಗೇ ಬಿಟ್ಟರು. ಚಂಚಿಯಲ್ಲಿ ಜಗಿಯಲು ಬಡೇಸೋಪಿನ ಕಾಳು ತುಂಬಿಕೊಂಡರು.

ರೇಣುಕಾಳ ಮಚ್ಚೆ ಪೂರ್ತಿ ಮಾಯವಾಯಿತು. ಯಲ್ಲವ್ವನದು ಬಹಳಷ್ಟು ಇಳಿಯಿತು, ಉಳಿದ ಚೂರನ್ನು ತೆಗೆಸಿದೆವು. ತಪಾಸಣೆಗೆ ಆಕೆ ಇಂದಿಗೂ ಬರುತ್ತಾಳೆ, ಖಾರದ ರೊಟ್ಟಿಯೂಟದ ವರದಿ ಒಪ್ಪಿಸುತ್ತಾಳೆ. ಅದನ್ನು ಕೇಳುವಾಗ ನನಗಾಗುವ ಖುಷಿ ಅಷ್ಟಿಷ್ಟಲ್ಲ.

ಔಷಧವನ್ನು ನಾವು ಒಬ್ಬರ ಹೆಸರಿಗೆ ಬರೆಯುತ್ತೇವೆ, ಆದರೆ ತಂಬಾಕನ್ನು ಯಾರೂ ಒಬ್ಬರೇ ತಿನ್ನುವುದಿಲ್ಲ. ಈಗ ಯಾರ ಬಾಯಲ್ಲಿ ಮಚ್ಚೆ ಕಂಡರೂ, ಗುಳಿಗೆ ಬರೆಯುವ ಮೊದಲು ಕೇಳುತ್ತೇನೆ: “ಯಾರ ಜೋಡಿ ಕೂತು ತಿಂತೀರಿ? ಅವರನ್ನೂ ಕರ್ಕೊಂಡು ಬರ್ರಿ.”