ಬಿಳಿ ಬಿಟ್ಟ ಕಾನಸೂರು

ಸಿದ್ದಾಪುರದಲ್ಲಿ ಬಸ್ಸಿಳಿದಾಗ ಮಂಜಿನ್ನೂ ಕರಗಿರಲಿಲ್ಲ. ಶಿರಸಿಯಿಂದ ಹದಿನಾಲ್ಕು ರೂಪಾಯಿ ಟಿಕೆಟ್ಟು, ಒಂದು ಗಂಟೆಯ ದಾರಿ. ಅಷ್ಟೂ ಹೊತ್ತು ತೂಕಡಿಸಿದ್ದೆ. ತೊಡೆಯ ಮೇಲಿದ್ದ ನಕ್ಷೆ ಕಣ್ಣು ಮುಚ್ಚಿದರೂ ಬಿಡಲಿಲ್ಲ. ಕಿಟಕಿಯಾಚೆ ಕೆಂಪು ಊರು, ತೆಳುಗೆಂಪು ಊರು, ನಡುನಡುವೆ ಮಂಜಿನಷ್ಟೇ ಬಿಳಿಯ ಊರು ಬಂದು ಹೋದಂತಿತ್ತು.

ಅದು ನನ್ನ ಎರಡು ವರ್ಷದ ದುಡಿಮೆ: ಶಿರಸಿ, ಸಿದ್ದಾಪುರ, ಯಲ್ಲಾಪುರದ ಹೆಂಗಸರ ಮದುವೆ ಹಾಡುಗಳ ನಕ್ಷೆ. ಧಾರವಾಡದಲ್ಲಿ ಕಂಪ್ಯೂಟರಿನ ಮುಂದೆ ಕೂತು ಮಾಡಿಸಿದ್ದು. ಹಾಡು ಹೆಚ್ಚಿದ್ದಲ್ಲಿ ಕಡುಗೆಂಪು, ಕಡಿಮೆಯಿದ್ದಲ್ಲಿ ತೆಳು, ಇಲ್ಲದಲ್ಲಿ ಬಿಳಿ. ನೋಡಿದವರೆಲ್ಲ ಭೇಷ್ ಅಂದಿದ್ದರು; ನನಗೂ ತಲೆ ಸ್ವಲ್ಪ ತಿರುಗಿತ್ತು. ಸೋಮವಾರ ಪುಸ್ತಕ ಅಚ್ಚಿಗೆ ಹೋಗುವುದಿತ್ತು. "ಹಾಡಿದವರಿಗೆ ಒಮ್ಮೆ ತೋರಿಸಿ ಬರ್ರಿ" ಎಂದು ನಮ್ಮ ಪ್ರೊಫೆಸರು ಹಟ ಹಿಡಿದರು. ದಂಡದ ಓಡಾಟ ಎಂದು ಗೊಣಗುತ್ತಲೇ ಹೊರಟಿದ್ದೆ.

ಮೊದಲು ಮನ್ಮನೆಗೆ ಹೋದೆ. ಅಲ್ಲಿಯ ನಾಗವೇಣಕ್ಕ ನನಗೆ ಅತಿ ಹೆಚ್ಚು ಹಾಡು ಕೊಟ್ಟವರು. ತಿನ್ನಲು ತೊಡೆದೇವು ಕೊಟ್ಟು, ನಕ್ಷೆಯನ್ನು ಜಗುಲಿಯ ಮೇಲೆ ಹಾಸಿಕೊಂಡರು. ತಮ್ಮೂರು ಕಡುಗೆಂಪಾಗಿದ್ದು ಕಂಡು ಅವರ ಮುಖವೂ ಅರಳಿತು. ಆಮೇಲೆ ಬೆರಳು ಬಿಳಿಯಾಗಿದ್ದ ಕಾನಸೂರಿನ ಮೇಲೆ ನಿಂತಿತು.

"ಇದೆಂತಕ್ಕೆ ಬೆಳಿ?"

"ಅಲ್ಲಿ ಹಾಡಿಲ್ಲಕ್ಕ."

"ಎನ್ನ ತವರುಮನೆ ಅಲ್ದಾ ಅದು! ಈ ಹಾಡೆಲ್ಲ ಆನು ಕಲ್ತಿದ್ದೇ ಅಲ್ಲಿ, ಪಕ್ಕದ ಮನೆ ಭಾಗೀರಥಿ ಅತ್ತಿಗೆ ಹತ್ರ." ಆಮೇಲೆ ದನಿ ತಗ್ಗಿಸಿ ತಾವೇ ಹೇಳಿದರು: "ಕಂಪ್ಯೂಟರ್ ಹೇಳಿದ್ಮೇಲೆ ಸುಳ್ಳಿರ್ತಾ? ಅತ್ತಿಗೆಗೆ ಈಗ ಮರ್ತೋಗಿಕ್ಕು."

ಅಯ್ಯೋ ದೇವರೇ! ತಮ್ಮ ಗಂಟಲಲ್ಲಿದ್ದ ಹಾಡನ್ನು ಬಿಟ್ಟು ನನ್ನ ಕಾಗದವನ್ನು ನಂಬಿಬಿಟ್ಟರಲ್ಲ!

ಮಧ್ಯಾಹ್ನ ಶಿರಸಿ ಕಡೆಯ ಬಸ್ಸು ಹತ್ತಿ ನಡುವೆ ಕಾನಸೂರಿನಲ್ಲಿ ಇಳಿದೆ. ಭಾಗೀರಥಕ್ಕನ ಮನೆ ನನಗೆ ಹೊಸದಲ್ಲ. ಹಿಂದೊಮ್ಮೆ ಅಲ್ಲಿ ಐದು ನಿಮಿಷ ಕೂತು, 'ಹಾಡಿಲ್ಲ' ಎಂದು ಬರೆದುಕೊಂಡು ಬಸ್ಸಿಗೆ ಓಡಿದ್ದೆ. ಅಂಗಳ ಸಾರಿಸುತ್ತಿದ್ದವರು ಎದ್ದು ಬಂದು ನಕ್ಷೆ ನೋಡಿದರು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಅಂದು ಹಾಡು ಇಲ್ಲೆ ಅಂದಿದ್ದು ಹೌದು. ಅತ್ತೆ ತೀರಿಕೊಂಡು ಮೂರು ತಿಂಗಳಾಗಿತ್ತು. ವರ್ಷ ತುಂಬೋತನಕ ಮನೇಲಿ ಮದುವೆ ಹಾಡು ಹೇಳ್ತ್ವಿಲ್ಲೆ. ನೀವು ಎಂತಕ್ಕೆ ಇಲ್ಲೆ ಅಂತ ಕೇಳಿದ್ರಾ?"

"ನೀವಾರ ಹೇಳಬಹುದಿತ್ತಲ್ರಿ ಅಕ್ಕಾ."

"ನಿಮ್ಗೆ ಬಸ್ಸಿನ ಗಡಿಬಿಡಿ ಇತ್ತು." ಬಿಳಿ ಜಾಗವನ್ನು ಮತ್ತೊಮ್ಮೆ ನೋಡಿದರು. "ಎಲ್ಲಾ ಹಾಡೂ ಅತ್ತೆ ಕಲಿಸಿದ್ದು. ಇದು ಅಚ್ಚಾದ್ರೆ ಅತ್ತೆ ಹಾಡೇ ಇಲ್ಲೆ ಅಂತಾಗ್ತು, ಅಲ್ದಾ?"

ನನಗೆ ನಾಚಿಕೆಯಿಂದ ಅಳು ಬಂತು. ಅವರು ಕೈ ತೊಳೆದು ಬಂದು ಕೂತರು. "ಅದನ್ನ ಮಡಚಿ ಇಡಿ. ಈಗ ವರ್ಷ ಕಳದ್ದು, ಹೇಳ್ತೆ" ಎಂದರು.

ನನ್ನಲ್ಲಿದ್ದ ಎರಡೂ ಕ್ಯಾಸೆಟ್ ತುಂಬಿದವು, ಹಾಡು ಮುಗಿಯಲಿಲ್ಲ. ಅಂಗಳದ ಬಿಸಿಲು ಸರಿದದ್ದು, ಮತ್ತೆ ಚಳಿ ಇಳಿದದ್ದು ಯಾವುದೂ ತಿಳಿಯಲಿಲ್ಲ. ಹಾಡಿನೊಳಗೆ ಯಾವುದೋ ದಿಬ್ಬಣ ನಿಧಾನವಾಗಿ ಹೊಳೆ ದಾಟುತ್ತಿತ್ತು, ನಾನೂ ಅದರ ಹಿಂದೆ ನಡೆದಿದ್ದೆ.

ರಾತ್ರಿ ಶಿರಸಿ ಸೇರಿ, ಮರುದಿನ ಯಲ್ಲಾಪುರದ ಮೇಲೆ ಧಾರವಾಡಕ್ಕೆ ಹೊರಟೆ. ಬಸ್ಸು ಕಾಡಿನಲ್ಲಿ ತೂಗುತ್ತ ಹೋಗುವಾಗ ಕಿವಿಯಲ್ಲಿ ಅದೇ ರಾಗ. ಅರೆನಿದ್ದೆಯಲ್ಲಿ, ನಕ್ಷೆಯ ಬಿಳಿ ಊರುಗಳಲ್ಲೆಲ್ಲ ಒಬ್ಬೊಬ್ಬ ಹೆಂಗಸು ಬಾಯಿ ಮುಚ್ಚಿಕೊಂಡು ಕೂತಿದ್ದಳು. ಯಲ್ಲಾಪುರದಲ್ಲಿ ಧಾರವಾಡದ ಬಸ್ಸಿಗೆ ಚೀಲ ಹಾಕಿ, ಎಸ್‌ಟಿಡಿ ಬೂತಿಗೆ ಹೋಗಿ ಪ್ರೊಫೆಸರಿಗೆ ಫೋನು ಹಚ್ಚಿ, ಕಾನಸೂರಿನದೆಲ್ಲ ಹೇಳಿ, ಅಚ್ಚು ನಿಲ್ಲಿಸಿರಿ ಎಂದೆ.

"ಒಂದ್ ಊರಿಗೆ ಬಣ್ಣಾ ತುಂಬಿದ್ರಾತಲ್ಲ. ಅದಕ್ಯಾಕ ಅಚ್ಚು ನಿಲ್ಲಸ್ಬೇಕು?" ಎಂದರು.

"ಇನ್ನೂ ಎಂಟು ಊರು ಬಿಳಿ ಅದಾವ್ರಿ ಸರ್. ಒಂದರಾಗೂ ನಾ ಯಾಕ ಅಂತ ಕೇಳಿಲ್ಲ."

"ಎಷ್ಟ ದಿನಾ ಬೇಕು ನಿಮಗ?"

"ಗೊತ್ತಿಲ್ರಿ. ಯಾವ ಮನೀಗೆ ಯಾವಾಗ ವರ್ಷ ತುಂಬತದೋ."

ಧಾರವಾಡದ ಬಸ್ಸು ಹೊರಟು ನಿಂತಿತ್ತು. ಹತ್ತಿ, ನನ್ನ ಚೀಲವನ್ನು ಇಳಿಸಿಕೊಂಡೆ.