ತೂಗುಹಲಗೆಯ ಮೇಲೆ ಚೌಕಾಸಿ

ನಾಯಿಗೆ ಹಾರುವುದನ್ನು ಯಾರೂ ಕಲಿಸಬೇಕಾಗಿಲ್ಲ. ಎಲ್ಲಿ ಹಾರಬೇಕು, ಎಲ್ಲಿ ಹಾರಬಾರದು ಎಂಬುದನ್ನು ಕಲಿಸಬೇಕು. ನಾಯಿ ಸಾಕುವವರು ಇದನ್ನು ಮೊದಲೇ ತಿಳಿದುಕೊಂಡರೆ ನೆರೆಹೊರೆ ಚೆನ್ನಾಗಿರುತ್ತದೆ. ನಾನು ತಡವಾಗಿ ತಿಳಿದುಕೊಂಡೆ.

ನಮ್ಮ ನಾಯಿ ಹುಟ್ಟಿದ್ದು ಮ್ಹೈಸಾಳದ ಆಚೆ, ನನ್ನ ತಮ್ಮನ ಕುರಿಹಟ್ಟಿಯಲ್ಲಿ. ಉದ್ದ ಕಾಲು, ಒಳಸೇರಿದ ಹೊಟ್ಟೆ. ವಿಶ್ರಾಮಬಾಗದ ನಮ್ಮ ಹೌಸಿಂಗ್ ಸೊಸೈಟಿಗೆ ಬಂದಾಗ ಅದಕ್ಕೆ ಗೋಡೆ ಎಂದರೆ ಹಾರಿ ದಾಟುವ ವಸ್ತು, ಅಷ್ಟೇ. ಒಂದು ಬೇಸಿಗೆಯ ಮಧ್ಯಾಹ್ನ ನಮ್ಮ ಕಾಂಪೌಂಡ್ ಹಾರಿ, ಸೊಸೈಟಿ ಚೇರಮನ್ನರ ಅಂಗಳದಲ್ಲಿ ಹಳೆ ಸೀರೆಯ ಮೇಲೆ ಒಣಹಾಕಿದ್ದ ಸಂಡಿಗೆಯ ನಟ್ಟನಡುವೆ ಇಳಿಯಿತು. ತಿಂದಿದ್ದರೆ ನಾಲ್ಕು ಹೋಗುತ್ತಿದ್ದವು. ಅದು ತಿನ್ನಲಿಲ್ಲ, ಓಡಾಡಿತು.

ಆ ಕಾಲದಲ್ಲಿ ನಮ್ಮ ಕಡೆ ಸಕ್ಕರೆಗೊಂದು ಸೊಸೈಟಿ, ಹಾಲಿಗೊಂದು, ಸಾಲಕ್ಕೊಂದು, ಮನೆಗೊಂದು. ಯಾವ ಜಗಳವೂ ಠರಾವು ಆಗದೆ ಮುಗಿಯುತ್ತಿರಲಿಲ್ಲ. ಸಂಡಿಗೆಯೂ ಸಭೆಗೆ ಬಂತು. ಚೇರಮನ್ನರು ನಿವೃತ್ತ ಮಾಸ್ತರರು. ಸಭೆಯೊಂದಿಗೆ ಮರಾಠಿಯಲ್ಲಿ ಮಾತಾಡಿ, ನನ್ನ ಕಡೆ ತಿರುಗಿದಾಗ ಕನ್ನಡಕ್ಕೆ ಬರುತ್ತಿದ್ದರು. ಅತ್ತಿಗೆ ಎನ್ನುವ ವಹಿನಿ ಮಾತ್ರ ಮರಾಠಿಯಲ್ಲೇ ಉಳಿಯುತ್ತಿತ್ತು.

"ವಹಿನಿ, ಹಟ್ಟಿ ನಾಯಿ ಹಟ್ಟ್ಯಾಗ ಇರಬೇಕ್ರಿ. ಹೇಳಿದ್ದು ಕೇಳೂ ಜಾತಿ ಅಲ್ಲ ಅದು."

"ಕೇಳತೈತ್ರಿ ಕಾಕಾ."

"ಯಾರ ಮಾತು? ನನ್ನ ಹೆಂಡ್ತಿ ಸೌಟು ಹಿಡಕೊಂಡು ಒದರಿದ್ರೂ ಕೇಳಲಿಲ್ಲ."

ಮಂದಿ ನಕ್ಕರು. ನಗುವಾಗಲೇ ಸೌದಾ ಮುಗಿಸಬೇಕು, ಆಮೇಲೆ ಮನಸ್ಸು ಗಟ್ಟಿಯಾಗುತ್ತದೆ. "ಹಾಲಿನ ಸಂಘದವರ ದನದ ಪ್ರದರ್ಶನದಾಗ ಈ ಸಲ ನಾಯಿಗಳ ಓಟ ಐತ್ರಿ," ಎಂದೆ. "ಅಡ್ಡಗೋಲು, ಸುರಂಗ, ತೂಗುಹಲಗಿ. ಬೆಲ್ಟ್ ಇಲ್ದನ ಎಲ್ಲಾ ದಾಟಿ ಹೊರಗ ಬಂದ್ರ ನಮ್ಮನ್ಯಾಗ ಇರಲಿ. ಬರದಿದ್ರ ನಾನ ತಮ್ಮನ ಹಟ್ಟಿಗೆ ಬಿಟ್ಟು ಬರ್ತೀನಿ."

ಅದೇ ಮಾತಿನಲ್ಲಿ ಠರಾವಾಯಿತು.

ಮನೆಗೆ ಬಂದಾಗ ನಮ್ಮ ಯಜಮಾನರು ಹೊಸಿಲ ಮೇಲೆ ಕೂತು ನಾಯಿಯ ಕಿವಿ ತಿಕ್ಕುತ್ತಿದ್ದರು. ಮಾಧವನಗರದ ಮಿಲ್ಲಿನ ಕೆಲಸ ನಿಂತ ಮೇಲೆ ಈ ಮನುಷ್ಯ ಮನೆಯಿಂದ ಹೊರಬೀಳುತ್ತಿದ್ದುದೇ ಆ ನಾಯಿಯ ನೆಪದಲ್ಲಿ. ಅದು ಹಟ್ಟಿಗೆ ಹೋದರೆ ಇವರು ಮತ್ತೆ ಗೋಡೆ ನೋಡುತ್ತ ಕೂರುವವರೇ.

ಮರುದಿನ ಮಿರಜ್ ರಸ್ತೆಯ ಗುಜರಿಯಿಂದ ಪೈಪು ತಂದೆ. ಅಡ್ಡಗೋಲನ್ನು ಎಂದೂ ಬಿಗಿದು ಕಟ್ಟಬೇಡಿ. ತಗುಲಿದರೆ ಬೀಳಬೇಕು, ಇಲ್ಲದಿದ್ದರೆ ನಾಯಿಯ ಕಾಲು ಹೋಗುತ್ತದೆ. ಎರಡೂ ಕಡೆ ತಳ ಕೊಯ್ಸಿದ ಡ್ರಮ್ಮುಗಳೇ ಸುರಂಗ. ಅಡ್ಡ ಮಲಗಿಸಿದ ಮರದ ತುಂಡಿನ ಮೇಲೆ ಉದ್ದ ಹಲಗೆಯಿಟ್ಟರೆ ತೂಗುಹಲಗೆ: ನಾಯಿ ಒಂದು ತುದಿಯಿಂದ ಹತ್ತಿ, ನಡು ದಾಟಿದಾಗ ಇನ್ನೊಂದು ತುದಿ ನೆಲಕ್ಕೆ ಬಡಿಯುತ್ತದೆ. ಸೊಸೈಟಿಯ ಖಾಲಿ ಜಾಗದಲ್ಲಿ ಬೆಳಿಗ್ಗೆ ನನ್ನ ಪಾತ್ರೆ ಅಂಗಡಿ ತೆರೆಯುವ ಮುಂಚೆ ನಮ್ಮ ಶಾಲೆ.

ಅಡ್ಡಗೋಲು, ಸುರಂಗ ಎರಡು ದಿನದ ಮಾತು. ಹಲಗೆಯ ನಡುವೆ ಬಂದಾಗ ಮಾತ್ರ ನಾಯಿ ನಿಂತಿತು. ಹೆದರಿದೆ ಎಂದುಕೊಂಡು ರೊಟ್ಟಿಯ ಚೂರು ತೋರಿಸಿದೆ, ಬಂತು. ಮುಂದಿನ ವಾರ ರೊಟ್ಟಿಗೆ ಬರಲಿಲ್ಲ. ತುಪ್ಪ ಸವರಿದ ಚಪಾತಿಗೆ ಬಂತು. ಆಮೇಲೆ ಪೇಢೆಗೆ. ಹಳೆ ಸೀರೆಗೆ ಸ್ಟೀಲ್ ಪಾತ್ರೆ ಕೊಡುತ್ತ, ಬುಟ್ಟಿ ಹೊತ್ತು ಮಿರಜಿನ ಓಣಿಗಳಲ್ಲಿ ತಿರುಗಿ ಅಂಗಡಿ ಮಾಡಿಕೊಂಡವಳು ನಾನು. ಗಿರಾಕಿ ಹಿಂಜರಿದರೆ ಪಾತ್ರೆಯ ಮೇಲೊಂದು ಚಮಚ ಇಡುವ ಕೈ ಇದು, ತಾನಾಗಿಯೇ ಮುಂದೆ ಹೋಗುತ್ತದೆ.

ಯಜಮಾನರು ಒಂದು ದಿನ ಬೀಡಿ ಆರಿಸಿ ಹೇಳಿದರು: "ಅದು ಅಂಜಿಲ್ಲ. ನಿನ್ನ ಗಿರಾಕಿ ಆಗೇತಿ."

"ನೀವು ಪಗಾರದ ಮಂದಿ. ಗಿರಾಕಿ ಅಂದ್ರ ಏನು ಗೊತ್ತು ನಿಮಗ?"

"ನನಗೇನು ಗೊತ್ತಿಲ್ಲ ಬಿಡು. ಪೇಢೆ ಆದ ಮ್ಯಾಲೆ ಏನು ಕೊಡ್ತಿ, ಬಂಗಾರ?"

ಸ್ಪರ್ಧೆಯ ದಿನ ಸೊಂಟದ ಸಂಚಿಯಲ್ಲಿ ಪೇಢೆ ತುಂಬಿಕೊಂಡು ಹೋದೆ. ಕಣದ ಬಾಗಿಲಲ್ಲಿ ನಿಂತ ಹುಡುಗಿ ಸಂಚಿ ಬಿಚ್ಚಿಸಿ ತನ್ನ ಬಳಿ ಇಟ್ಟುಕೊಂಡಳು. ಒಳಗೆ ತಿನಿಸು ತರುವಂತಿಲ್ಲವಂತೆ. ಅರ್ಧ ಪೇಢೆಯಾದರೂ ಬಿಡಮ್ಮ ಎಂದು ಮರಾಠಿಯಲ್ಲಿ ಕೇಳಿದೆ, ಹಿಂದಿಯಲ್ಲಿ ಕೇಳಿದೆ. ಅವಳು ನಕ್ಕಳೇ ಹೊರತು ಕೊಡಲಿಲ್ಲ. ಸ್ಪರ್ಧೆಗೆ ಹೋಗುವವರು ನಿಯಮವನ್ನು ಮೊದಲೇ ಕೇಳಿಕೊಳ್ಳಿ. ಬಾಗಿಲಲ್ಲಿ ನಿಂತವರೊಂದಿಗೆ ಚೌಕಾಸಿ ನಡೆಯುವುದಿಲ್ಲ.

ನಾಯಿ ಅಡ್ಡಗೋಲುಗಳನ್ನು ಗಾಳಿಯಂತೆ ದಾಟಿತು. ಸುರಂಗದಲ್ಲಿ ಹೋಗಿದ್ದೂ ಬಂದಿದ್ದೂ ಕಾಣಲಿಲ್ಲ. ತೂಗುಹಲಗೆ ಹತ್ತಿ, ನಡುವೆ ಬಂದು, ಕೂತಿತು. ಕೂತು ನನ್ನ ಸೊಂಟ ನೋಡಿತು. ಖಾಲಿ ಕೈ ತೋರಿಸಿದೆ. ಸುಳ್ಳು ಎನ್ನುವಂತೆ ಮುಖ ತಿರುಗಿಸಿತು. ಮುಂದಿನ ಸಾಲಿನಲ್ಲಿ ಕೊಡೆ ಊರಿಕೊಂಡು ಚೇರಮನ್ನರು ಕೂತಿದ್ದರು. ಅವರ ಪಕ್ಕ ನಮ್ಮ ಯಜಮಾನರು, ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು.

"ಬಾರಲೇ," ಎಂದೆ. ಅದು ಕಿವಿ ಕೆರೆದುಕೊಂಡಿತು.

ಆಗ ಅರ್ಥವಾಯಿತು. ಈ ಮುಖವನ್ನು ನಾನು ಎಷ್ಟೋ ಬಾಗಿಲುಗಳಲ್ಲಿ ನೋಡಿದ್ದೆ: ಇನ್ನೊಂದು ಬಟ್ಟಲು ಇಟ್ಟರಷ್ಟೇ ಸೀರೆ ಕೊಡುತ್ತೇನೆ ಎನ್ನುವ ಮುಖ. ಅದಕ್ಕೆ ಮದ್ದು ಒಂದೇ. ಪಾತ್ರೆಗಳನ್ನೆಲ್ಲ ಬುಟ್ಟಿಗೆ ತುಂಬಿ, ಸಿಂಬೆ ಸರಿಮಾಡಿ, ಬುಟ್ಟಿ ತಲೆಗೇರಿಸಿ ನಡೆಯುವುದು. ಹಿಂತಿರುಗಿ ಮಾತ್ರ ನೋಡಬಾರದು, ನೋಡಿದರೆ ಕೆಟ್ಟಿತು.

ಸೆರಗು ಕೊಡವಿ, ನಾಯಿಗೆ ಬೆನ್ನು ಮಾಡಿ, ಕೊನೆಯ ಅಡ್ಡಗೋಲಿನ ಕಡೆ ನಡೆದೆ. ಸ್ವಲ್ಪ ಹೊತ್ತಿಗೆ ಹಿಂದೆ ಹಲಗೆ ದಬ್ಬೆಂದು ನೆಲಕ್ಕೆ ಬಡಿಯಿತು. ನನ್ನ ಸೀರೆಯ ನಿರಿಗೆ ಸವರಿಕೊಂಡು ನಾಯಿ ಮುಂದೆ ಹೋಗಿ, ಅಡ್ಡಗೋಲು ಹಾರಿ, ಗೆರೆ ದಾಟಿ, ಸಂಚಿ ಹಿಡಿದ ಹುಡುಗಿಯ ಮುಂದೆ ಕೂತಿತು.

ಓಡಿದ ನಾಯಿಗಳಲ್ಲಿ ಎಲ್ಲಕ್ಕಿಂತ ಹಿಂದೆ ನಮ್ಮದೇ. ಹೊರಗೆ ಚೇರಮನ್ನರು ಕೊಡೆ ಮಡಚುತ್ತ ಬಂದರು.

"ವಹಿನಿ, ಅದು ನಿಮ್ಮ ಮಾತು ಎಲ್ಲಿ ಕೇಳ್ತು? ನೀವು ಹೊಂಟ್ರಿ, ಅದು ಬಂತು."

"ಠರಾವಿನ್ಯಾಗ ಮಾತು ಕೇಳಬೇಕು ಅಂತ ಐತೇನ್ರಿ? ಎಲ್ಲಾ ದಾಟಿ ಹೊರಗ ಬರಬೇಕು ಅಂತ ಐತಿ."

ಮಾಸ್ತರರು ಠರಾವು ಎಂದರೆ ತಗ್ಗುವವರು. "ಆತು, ಇರಲಿ. ಆದ್ರ ದಿನಾ ಪೂರ್ತಿ ಕಟ್ಟಿ ಹಾಕಬೇಕು."

"ಸಂಡಿಗಿ ಒಣಾ ಹಾಕಿದ ದಿನ ಅಷ್ಟ ಕಟ್ತೀನ್ರಿ."

"ಅದು ಆಗೂದಿಲ್ಲ."

ನಾಯಿಗೆ ಬೆಲ್ಟ್ ಹಾಕಿ, ಯಜಮಾನರಿಗೆ ಕಣ್ಸನ್ನೆ ಮಾಡಿ, ರಿಕ್ಷಾ ಸ್ಟ್ಯಾಂಡಿನ ಕಡೆ ಹೊರಟೆ. ಬೇವಿನ ಮರದ ತನಕ ಹೋಗಿದ್ದೆವು.

"ವಹಿನಿ, ನಿಲ್ರಿ. ಸಂಡಿಗಿ ದಿನ ಅಷ್ಟ ಕಟ್ರಿ. ಆದ್ರ ಹಪ್ಪಳದ ದಿನಾನೂ ಅದರಾಗ ಬಂತು."

ನಾಯಿ ಹಿಂತಿರುಗಿ ನೋಡಿತು. ಅದಿನ್ನೂ ಕಲಿಯುವುದಿತ್ತು.