ಸಿಂಬಿ ಮ್ಯಾಲೆ ಕೂತ ಪಾನಾ ಪೇಟಿ

ನನ್ನ ಮೊಮ್ಮಗಳು ಹೊಳಿ ದಂಡ್ಯಾಗ ನಿಂತುಹೋಗಿದ್ದ ಡೀಜೆಲ್ ಇಂಜಿನ್ ತಾನೊಬ್ಬಾಕಿನ ಚಾಲೂ ಮಾಡಿದಳು! ಯಾರೂ ಹೇಳಿಕೊಡಲಿಲ್ಲ, ನಟ್ಟು ಬಿಚ್ಚೋ ಪಾನಾ ಬ್ಯಾರೆ ಯಾರೂ ಹಿಡೀಲಿಲ್ಲ. ಇಂಜಿನ್ ಡುಗುಡುಗು ಅಂತ ಎದ್ದಿತು, ಕಬ್ಬಿನ ಕಾಲುವಿಗೆ ದಬದಬ ನೀರು ಬಿತ್ತು. ನಾ ಒಡ್ಡಿನ ಮ್ಯಾಲೆ ನಿಂತು, ವಯಸ್ಸಿನ ಖಬರ ಇಲ್ಲದ, ಚಪ್ಪಾಳಿ ಹೊಡದೆ. ಎಂಬತ್ತರ ದಶಕ ಮುಗಿಯಾಕ ಬಂದಾಗಿನ ಮಾತಿದು. ಇವತ್ತು ನೆನೆದರೂ ಎದಿ ತುಂಬಿ ಹೊರಗ ಚೆಲ್ಲತೈತಿ.

ಆ ಖುಷಿ ಸುಮ್ಮನ ಬರಲಿಲ್ಲ. ಅದಕ್ಕ ಒಂದು ಪೇಟಿ ಬೇಕಾತು. ಆ ಪೇಟಿ ಆರಿಸೋದರಾಗ ನಮ್ಮ ಮನಿ ಗಂಡಸರು ತೋರಿಸಿದ ಶ್ಯಾಣೇತನ ನೆನೆದರ ನಗಿನೂ ಬರತೈತಿ, ಥೂ ಅನ್ನಬೇಕಂತಲೂ ಅನಸತೈತಿ.

ನಮ್ಮದು ಏಕಸಂಬಿ ಕಡೆ ಹಳ್ಳಿ. ಮನಿ ಮಗ್ಗಲಕ ತಗಡಿನ ಪತ್ರಾ ಹೊದಿಸಿದ ಗ್ಯಾರೇಜು. ಅದರಾಗ ನಮ್ಮ ಟ್ರ್ಯಾಕ್ಟರ್ ನಿಲ್ಲತಿತ್ತು. ನನ್ನ ಹಿರೇ ಮಗ ಅಲ್ಲೇ ಸಾಮಾನು ಇಟ್ಟಕೊಂಡು ಊರವರ ನೀರೆತ್ತೋ ಇಂಜಿನ್ ರಿಪೇರಿ ಮಾಡತಿದ್ದ. ಅವನ ಮಗಳು ಹತ್ತನೇತ್ತ ಮುಗಿಸಿ ಮನ್ಯಾಗಿದ್ದಳು. ನಟ್ಟು ಕಣ್ಣಿಲೇ ನೋಡಿ ಇದಕ್ಕ ಇಂಥಾ ನಂಬರಿನ ಪಾನಾ ಅಂತ ಹೇಳಾಕಿ. ಒಂದಿನ ಧೈರ್ಯ ಮಾಡಿ ಕೇಳಿದಳು.

"ಅಪ್ಪಾ, ನನಗೂ ಕೆಲಸ ಕಲಸ್ರಿ."

ಅವ ತಲಿ ಎತ್ತಲಿಲ್ಲ. "ಕೆಟ್ಟ ಇಂಜಿನ್ ಮನಿತನಕ ನಡಕೊಂತ ಬರೂದಿಲ್ಲ. ಪೇಟಿ ಹೊತ್ತು ಹೊಳಿತನಕ ನಾವ ಹೋಗಬೇಕು. ನಿನ್ನ ಪೇಟಿ ನೀ ಹೊತ್ತರ ಕಲಸ್ತೀನಿ. ಇಲ್ಲಂದರ ದೀಪಾವಳಿ ಆದಮ್ಯಾಲೆ ಹೊಲಿಗಿ ಕ್ಲಾಸಿಗೆ ನಡಿ."

ಹುಡುಗಿ ಮಾರಿ ಬಾಡಿತು. ಹೊಲಿಗಿ ಕೆಟ್ಟ ಕೆಲಸೇನಲ್ಲ. ಆದರ ಸೂಜ್ಯಾಗ ದಾರ ಪೋಣಸೂಕಿಂತ ಮೊದಲ ಆಕಿಗೆ ಆಕಳಿಕಿ ಬರತಿತ್ತು, ಅದಕ್ಕೇನು ಮಾಡೂದು?

ಹಳೇ ಪೇಟಿ ಅಂದರ ಎಣ್ಣಿ ಡಬ್ಬಿ ಅಡ್ಡ ಕೊಯ್ದು ಮಾಡಿದ್ದು, ತಳ ತೂತಾಗಿತ್ತು. ಹೊಸದು ತರಾಕ ಮಗ ಚಿಕ್ಕೋಡಿಗೆ ಹೋದ. ಜೋಡಿಗೆ ನನ್ನ ಸೊಸಿ ಅಣ್ಣನ್ನ ಕರಕೊಂಡ ಹೋದ. ಆ ಮನುಷ್ಯಾಗ ಗೊತ್ತಿಲ್ಲದ ವಿಷಯ ಅಂತ ಭೂಮಿ ಮ್ಯಾಲೆ ಇರಲಿಲ್ಲ. ಎಮ್ಮಿ ಆರಿಸೂದೂ ಗೊತ್ತು, ವರ ಆರಿಸೂದೂ ಗೊತ್ತು. ಅವ ಆರಿಸಿದ ಎಮ್ಮಿ ವರ್ಷದಾಗ ಮೂರು ತಿಂಗಳೂ ಹಿಂಡಲಿಲ್ಲ, ಆ ಮಾತು ಬ್ಯಾರೆ.

ಸಂಜಿಕೆ ಇಬ್ಬರೂ ಟೆಂಪೋದಾಗಿಂದ ಇಳಿಸಿದರು. ನಾ ನೋಡಿದೆ. ಪೇಟಿ ಅಲ್ಲ ಅದು, ಮದುವಿ ಟ್ರಂಕು! ಕೆಂಪ ಬಣ್ಣ, ಎರಡ ಕೀಲಿ, ಕೆಳಗ ನಾಲ್ಕ ಕಾಲು. ಒಳಗ ಕೈ ಇಟ್ಟರ ಮೊಣಕೈತನಕ ಹೋಗತಿತ್ತು.

"ನೋಡ್ರಿ ಅತ್ತಿ," ಅಂದ ಸೊಸಿ ಅಣ್ಣ, ಮುಚ್ಚಳಿ ಬಡದು. "ಆವಾಜ್ ಕೇಳ್ರಿ. ಗಟ್ಟಿ ಪತ್ರಾ. ಮೂರ ತಲಿಮಾರು ಬಾಳತೈತಿ."

"ಬಾಳತೈತಿ ಬಿಡಪಾ. ಯಾರೂ ಎತ್ತೂದಿಲ್ಲಲ್ಲ, ಸವೀತೈತಿ ಹ್ಯಾಂಗ?" ಅಂದೆ ನಾ.

ಪಾನಾ, ಹತೋಡಿ, ಪಕ್ಕಡ ಎಲ್ಲಾ ಅದರಾಗ ಸುರುವಿದರು. ಮೊಮ್ಮಗಳು ಎರಡೂ ಕೈಲೇ ಹಿಡಿಕಿ ಜಗ್ಗಿದಳು. ಪೇಟಿ ಅಲುಗಲಿಲ್ಲ.

"ನೋಡಿದ್ಯಾ?" ಅಂದ ಮಗ. ಅವನ ದನಿಯಾಗ ಒಂದೀಟು ಸಂತೋಷ ಇತ್ತು. ಹೆತ್ತಾಕಿಗೆ ಅದು ಕೇಳಸ್ತೈತಿ.

"ನೀ ಎತ್ತಲೇ ಮೊದಲ," ಅಂದೆ.

ಎತ್ತಿದ. ಮಾರಿ ಟ್ರಂಕಿನಕಿಂತ ಕೆಂಪ ಆತು. ಹನ್ನೆರಡ ಹೆಜ್ಜಿ ಹಾಕಿ ಕೆಳಗಿಟ್ಟ. ಬೀಡಿ ಸೇದಬೇಕಾಗಿತ್ತಂತ. ಸೊಸಿ ಅಣ್ಣ ಎತ್ತಾಕ ಬಗ್ಗಿದವ ನಡ ಹಿಡಕೊಂಡ ಎದ್ದ. ಮೂರ ತಲಿಮಾರಿನ ಟ್ರಂಕು ಮೂರ ದಿನದಾಗ ನಮ್ಮ ಸೊಸಿಗೆ ಕೌದಿ ಇಡಾಕ ಹೋತು. ಪಾಪ, ಅದರ ಜಲಮ ಅದಕ್ಕ ಇತ್ತು.

ಆ ಮೂರ ದಿನ ನಾ ವಿಚಾರ ಮಾಡಿದೆ. ನಾ ಎರಡನೇತ್ತ ಕಲತಾಕಿ, ಅದೂ ಅರ್ಧ. ಆದರ ಹೊರೂದರಾಗ ಯಾರಿಂದಲೂ ಪಾಠ ಹೇಳಿಸಿಕೊಳ್ಳಾಕಿ ಅಲ್ಲ. ನಲವತ್ತ ವರ್ಷ ಹುಲ್ಲಿನ ಹೊರಿ, ಸಗಣಿ ಬುಟ್ಟಿ, ಒಂದರ ಮ್ಯಾಲೊಂದು ನೀರಿನ ಕೊಡ ಹೊತ್ತೀನಿ. ಒಂದರ ಕೈಯಾಗ ತೂಗಾಡಿಸಿಕೊಂತ ಒಯ್ದೆನೇನು? ಹಳೇ ಸೀರಿ ಸುತ್ತಿ ಸಿಂಬಿ ಮಾಡಿ, ತಲಿ ಮ್ಯಾಲೆ ಇಟ್ಟು, ಎರಡೂ ಕೈ ಬೀಸಿಕೊಂತ ನಡದೀನಿ. ಗಂಡಸರಿಗೆ ಇದು ಹೊಳಿಯೂದಿಲ್ಲ. ತಲಿಗೆ ರುಂಬಾಲು ಸುತ್ತಿಕೊಂಡರ ಅದರ ಕೆಲಸ ಮುಗೀತು ಅಂತಾರ.

ನಾಲ್ಕನೇ ದಿನ ಪಾನಾ ಎಲ್ಲಾ ಒಂದು ಜೋಳದ ಚೀಲದಾಗ ತುಂಬಿದೆ. ಖಾಲಿ ಪೇಟಿ ಎಲ್ಲಾರಿಗೂ ಹಗುರ. ಅದನ್ನ ನೋಡಿ ತರೂದು, ಬಾಯಿ ತೆಗಿಲಾರದ ಸೊಸಿ ನೋಡಿ ಶಾಂತ ಹುಡುಗಿ ಅಂದಂಗ. ಚಿಕ್ಕೋಡಿ ಅಂಗಡಿ ನೋಡಿದ್ದ ಆತು, ಮೊಮ್ಮಗಳನ್ನ ಕರಕೊಂಡು ನಿಪ್ಪಾಣಿ ಬಸ್ ಹತ್ತಿದೆ.

ಕಂಡಕ್ಟರ್ ಚೀಲಕ್ಕ ಕಾಲು ತಾಗಿಸಿ ಹಾ ಅಂತ ಚೀರಿದ. "ಆಯಿ, ಏನೈತ್ರಿ ಇದರಾಗ?"

"ಜ್ವಾಳಪಾ."

"ಇಂಥಾ ಜ್ವಾಳ ನಿಮ್ಮೂರಾಗ ಬೆಳಿತೈತೇನ್ರಿ?"

"ಮತ್ತ, ಹಲ್ಲ ಗಟ್ಟಿ ಇದ್ದವರು ತಿನ್ನತಾರ," ಅಂದೆ. ಮೊಮ್ಮಗಳು ಸೆರಗಿನಾಗ ನಕ್ಕಳು.

ನಿಪ್ಪಾಣಿ ಅಂಗಡಿಯವ ಮರಾಠಿಯವ, ಕನ್ನಡಾನೂ ಬರತಿತ್ತು. ಒಂದೊಂದ ಪೇಟಿ ತಗದು ಬಣ್ಣ ತೋರಿಸಿದ, ಕೀಲಿ ತೋರಿಸಿದ. ನಾ ಚೀಲ ಬಿಚ್ಚಿ ಪಾನಾ ತುಂಬಿ, ಸಿಂಬಿ ಇಟ್ಟು, ಮೊಮ್ಮಗಳಿಗೆ "ಎತ್ತವ್ವಾ" ಅಂದೆ. ಅಂಗಡಿಯವ ಗಲ್ಲಾ ಬಿಟ್ಟು ಓಡಿ ಬಂದ.

"ಅಹೋ ಆಜಿ! ಹೀ ಟೋಪಲಿ ನಾಹಿ!"

ಬುಟ್ಟಿ ಅಲ್ಲ ಅಂತ ನನಗ ತಿಳಿಸಿ ಹೇಳಾಕತ್ತಿದ್ದ. "ಬುಟ್ಟಿ ಅಲ್ಲ ಅಂತ ಕಾಣಸ್ತೈತಿ," ಅಂದೆ. "ಬುಟ್ಟಿ ಮಾಡೂರಿಗೆ ಬುದ್ಧಿ ಇರತೈತಿ. ತಳಕ್ಕ ಕಾಲು ಹಚ್ಚೂದಿಲ್ಲ."

ಕಾಲಿದ್ದ ಪೇಟಿ ನೆತ್ತಿಗೆ ಚುಚ್ಚಿತು. ಅದು ಹೋತು. ಎತ್ತರದ್ದು ಎರಡ ಹೆಜ್ಜಿಗೆ ಓಲಾಡಿತು, ಒಳಗಿನ ಹತೋಡಿ ಒಂದ ಕಡೆ ಓಡಿ ಪೇಟಿನ ಜಗ್ಗಿತು. ಅದೂ ಹೋತು. ಇನ್ನೊಂದರ ಕೊಂಡಿ ನಡೆಯೂದರಾಗ ಬಿಚ್ಚಿ ಪಕ್ಕಡ ಅಂಗಡಿಯವನ ಚಪ್ಪಲಿ ಮ್ಯಾಲೆ ಬಿತ್ತು. ರಸ್ತಾದಾಗ ನಿಂತವರು ನಕ್ಕರು. ನಗಲಿ ಬಿಡ್ರಿ. ನಗೂರ ತಲಿ ಮ್ಯಾಲೆ ಏನೂ ಇರಲಿಲ್ಲ, ಒಳಗೂ ಇದ್ದಂಗ ಕಾಣಲಿಲ್ಲ.

ಕಡೀಕ ಮೂಲ್ಯಾಗ ಧೂಳ ಹಿಡದ ಒಂದು ಬೂದಿ ಬಣ್ಣದ್ದು ಸಿಕ್ಕಿತು. ಗಿಡ್ಡು, ಅಗಲ, ತಳ ರೊಟ್ಟಿ ಹಂಚಿನಂಗ ಸಪಾಟು. ಒಳಗ ಎತ್ತಿಡೋ ಒಂದು ತಾಟು, ಅದರಾಗ ಮೂರ ಖಾನೆ. ಸಣ್ಣ ಪಾನಾ ಮ್ಯಾಲೆ ಕುಂತವು, ಭಾರದ್ದು ಕೆಳಗ ನಡುವ ಕುಂತಿತು. ಮೊಮ್ಮಗಳು ಮೊದಲ ತೊಡಿಗೆ, ಆಮ್ಯಾಲೆ ಎದಿಗೆ, ಆಮ್ಯಾಲೆ ತಲಿಗೆ ಏರಿಸಿದಳು. ಬಸ್‌ಸ್ಟ್ಯಾಂಡ್ ಕಡೆ ಮಾರಿ ಮಾಡಿ ನಡದ ಬಿಟ್ಟಳು. ಅಂಗಡಿಯವ ರೊಕ್ಕಕ್ಕ ನನ್ನ ಸೆರಗ ಹಿಡಿಯೂದೊಂದ ಬಾಕಿ.

ಮನ್ಯಾಗ ಮಗ ನೋಡಿ ಹಣಿ ಬಡಕೊಂಡ. "ಅವ್ವಾ, ಸಿಂಬಿ ಮ್ಯಾಲೆ ಯಾರರ ಪಾನಾ ಹೊರತಾರೇನ? ಮಂದಿ ಏನಂತಾರ?"

"ಮಂದಿ ಇಂಜಿನ್ ಕೆಟ್ಟಾಗ ಏನೂ ಅನ್ನೂದಿಲ್ಲ," ಅಂದೆ.

ಎಂಟ ದಿನಕ್ಕ ಮಗ ಸಾಮಾನು ತರಾಕ ಅಥಣಿಗೆ ಹೋಗಿದ್ದ. ಹೊಳಿ ದಂಡಿ ರೈತನೊಬ್ಬ ಓಡಿ ಬಂದ. ಇಂಜಿನ್ ಎದ್ದಾಂಗ ಮಾಡಿ ನಿಲ್ಲಾಕತ್ತೈತಿ, ಹೊಸ ಕಬ್ಬಿಗೆ ಇವತ್ತ ನೀರು ಬಿಡಬೇಕು ಅಂದ. ಮಗ ಇಲ್ಲ ಅಂದಕೂಡಲೆ ತಿರುಗಿ ಹೊಂಟ. ಹಿಂದಿಂದ ಮೊಮ್ಮಗಳು ಪೇಟಿ ತಲಿ ಮ್ಯಾಲೆ ಇಟ್ಟಕೊಂಡು ಬಂದ ನಿಂತಳು. "ನಡೀರಿ ಕಾಕಾ."

ಅವ ನನ್ನ ಮಾರಿ ನೋಡಿದ. ನಾ ಅವನ ಮಾರಿ ನೋಡಿದೆ. ನಡದ.

ನಾನೂ ಬೆನ್ನ ಹತ್ತಿದೆ. ಕೆಸರಿನ ಒಡ್ಡು, ಒಂದ ಕಾಲಷ್ಟ ಅಗಲ. ಕೈಯಾಗ ಪೇಟಿ ಹಿಡದ ಗಂಡಸು ಅಲ್ಲಿ ಎಷ್ಟ ಸಲ ಜಾರ್ಯಾನೋ. ಆಕಿ ಜಾರಲಿಲ್ಲ. ಅಪ್ಪ ಟ್ರ್ಯಾಕ್ಟರ್ ರಿಪೇರಿ ಮಾಡೂದನ್ನ ನೋಡಿ ನೋಡಿ ತಿಳದಾಕಿ, ಡೀಜೆಲ್ ಪೈಪಿನ್ಯಾಗ ಗಾಳಿ ಹಿಡದೈತಿ ಅಂದಳು. ಒಂದ ನಟ್ಟು ಸಡ್ಲ ಮಾಡಿದಳು, ಬುರುಗು ಬಂತು, ಬುರುಗು ಹೋಗಿ ಬರೇ ಡೀಜೆಲ್ ಬಂದಮ್ಯಾಲೆ ಬಿಗಿದಳು. ಹ್ಯಾಂಡಲ್ ತಿರುವಾಕ ರೈತ ಕೈ ಚಾಚಿದ. "ಸರೀರಿ" ಅಂದು ತಾನ ತಿರುವಿದಳು.

ಸಂಜಿಕೆ ಮಗ ಬಂದ. ಸುದ್ದಿ ಕೇಳಿ ಹೊಳಿತನಕ ಹೋಗಿ ನಟ್ಟು ಮುಟ್ಟಿ ನೋಡಿ ಬಂದನಂತ. ತಪ್ಪ ಹುಡುಕಾಕ ಅಷ್ಟ ದೂರ ನಡದ ಮನುಷ್ಯಾ! ಬಂದು ಕೈಕಾಲ ತೊಳಕೊಂತ ಕೇಳಿದ.

"ಯಾ ಪಾನಾ ಹಚ್ಚಿದಿ?"

"ಹದಿನಾಲ್ಕು."

ಟವೆಲ್ಲಿಗೆ ಕೈ ಒರಸಿಕೊಂಡ. ಆಮ್ಯಾಲೆ ಅಂದ, "ನಾಳೆ ಟ್ರ್ಯಾಕ್ಟರ್ ಫಿಲ್ಟರ್ ನೀನ ಬಿಚ್ಚು. ನಾ ಮಗ್ಗಲಕ ಕುಂದರತೀನಿ."

ನಾ ಸೊಸಿಗೆ ಹಬ್ಬಕ್ಕ ಮಾಡೋ ಬೆಲ್ಲದ ಮಾದಲಿ ಮಾಡ ಅಂದೆ. ನಮ್ಮ ಮನ್ಯಾಗ ದಿನಾ ಗಂಡಸರು ಉಂಡು ಎದ್ದಮ್ಯಾಲೆ ನಮ್ಮ ಸರತಿ. ಅವತ್ತ ಮಗ ತಾಟಿನ ಮುಂದ ಕುಂತು ಉಣ್ಣಲಿಲ್ಲ. "ಆಕಿ ಎಲ್ಲಿ? ಕರೀರಿ," ಅಂದ. ಮೊಮ್ಮಗಳು ಬಂದಳು. ಆಕಿ ಬಂದಮ್ಯಾಲೆ ಸೊಸಿ ಕುಂತಳು, ಸಣ್ಣವರು ಕುಂತರು, ನಾನೂ ಕುಂತೆ. ಸೊಸಿ ಅಣ್ಣನೂ ಬಂದಿದ್ದ, ಊಟದ ವಾಸನಿ ಆರಿಸೂದರಾಗ ಮಾತ್ರ ಅವ ತಪ್ಪತಿರಲಿಲ್ಲ. ರೊಟ್ಟಿ ಮುರಿಯೋ ಮೊಮ್ಮಗಳ ಉಗುರಿನ್ಯಾಗ ಗ್ರೀಸು ಹಂಗ ಇತ್ತು. ಮಗ ನೋಡಿದ. ಮಾದಲಿ ಮ್ಯಾಲೆ ಹಾಲು ಸುರುವಿ, ತಾಟು ಆಕಿ ಮುಂದ ಸರಿಸಿದ.